ಹನ್ನೆರಡರಲ್ಲಿ ಮೊದಲನೆಯ ಹೆಸರು

ಮನಃಶಾಸ್ತ್ರದಲ್ಲಿ ನಾನು ಎರಡು ಸಲ ನಪಾಸಾಗಿದ್ದೇನೆ. ಹಳೆಯ ಮಾತು, ಈಗ ನಗುತ್ತ ಹೇಳುತ್ತಿದ್ದಾನೆ ಎಂದು ತಿಳಿಯಬೇಡಿ. ಆ ಶಾಸ್ತ್ರದ ಹೆಸರೆತ್ತಿದರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಗಣಿತದಲ್ಲಿ ನಪಾಸಾದವನಿಗೆ ಲೆಕ್ಕ ಬರುವುದಿಲ್ಲ ಎನ್ನುತ್ತಾರೆ, ಭೂಗೋಳದಲ್ಲಿ ನಪಾಸಾದವನಿಗೆ ನಕಾಶೆ ತಿಳಿಯುವುದಿಲ್ಲ ಎನ್ನುತ್ತಾರೆ. ಅಲ್ಲಿಗೆ ಮುಗಿಯಿತು, ಮರ್ಯಾದೆ ಅಷ್ಟಿಷ್ಟು ಉಳಿಯುತ್ತದೆ. ಮನಃಶಾಸ್ತ್ರದಲ್ಲಿ ನಪಾಸಾದವನಿಗೆ ಏನೆನ್ನಬೇಕು? ಎರಡನೆಯ ಸಲದ ಫಲಿತಾಂಶ ಬಂದ ದಿನ ನನ್ನ ಹೆಂಡತಿ ರೊಟ್ಟಿ ಬಡಿಯುತ್ತ, ತಲೆ ಎತ್ತದೆ, ಅದನ್ನೂ ಹೇಳಿ ಮುಗಿಸಿದಳು: "ಮಂದಿ ಮನಸು ತಿಳ್ಕೊಳ್ಳೂದು ನಿಮ್ಮ ಕೈಲೆ ಆಗೂದಿಲ್ರಿ. ಅದಕ್ಕ ಪರೀಕ್ಷಾ ಯಾಕ ಬೇಕಿತ್ತು, ನನ್ನ ಕೇಳಿದ್ರ ನಾನ ಹೇಳ್ತಿದ್ನಿ."

ನಾನಾಗ ಸಿಂದಗಿ ತಾಲೂಕಿನ ಕನ್ನೊಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರ. ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾಗಿ ನೇರವಾಗಿ ಕುರ್ಚಿಯ ಮೇಲೆ ಬಂದು ಕೂತವನು. ಹತ್ತು ವರ್ಷ ಪಾಠ ಹೇಳಿದ ಮೇಲೆ ಸರಕಾರಕ್ಕೆ ಒಮ್ಮೆಲೇ ನೆನಪಾಯಿತು, ಪಾಠ ಹೇಳುವುದು ಹೇಗೆಂದು ಈತನಿಗೆ ಯಾರೂ ಕಲಿಸಿಲ್ಲ ಎಂದು. ಬಸವನ ಬಾಗೇವಾಡಿಯಲ್ಲಿ ಟ್ರೇನಿಂಗಿಗೆ ಹಾಕಿದರು. ಉಳಿದ ವಿಷಯಗಳೆಲ್ಲ ಮೊದಲ ಸಲಕ್ಕೇ ದಾಟಿದವು, ಇದೊಂದು ಮಾತ್ರ ಕೊರಳಿಗೆ ಬಿತ್ತು. ಮೂರನೆಯ ಸಲವೂ ತಪ್ಪಿದರೆ ನೌಕರಿ ಕಾಯಂ ಆಗುವ ಆಸೆ ಬಿಡಬೇಕು. ಪ್ರಯೋಗದ ವಹಿಯನ್ನೂ ಹೊಸದಾಗಿ ಬರೆಯಬೇಕು, ಅದಕ್ಕಾಗಿ ಎರಡು ತಿಂಗಳು ಬಾಗೇವಾಡಿಯಲ್ಲೇ ಬಂದಿರಬೇಕು ಎಂದು ಹುಕುಮು ಬಂತು. ಹಾಸಿಗೆ ಸುತ್ತಿಕೊಂಡು, ಮನಸ್ಸನ್ನೂ ಆ ಶಾಸ್ತ್ರ ಕಂಡುಹಿಡಿದವರನ್ನೂ ಬೈಯುತ್ತ ಬಸ್ಸು ಹತ್ತಿದೆ.

ನನ್ನ ಸಿಟ್ಟಿಗೆ ಕಾರಣ ಇದೆ. ಮನುಷ್ಯನ ಮನಸ್ಸಿನ ಮೇಲೆ ಬರೆದ ಪುಸ್ತಕ ಅದು, ಆದರೆ ತೆರೆದಲ್ಲೆಲ್ಲ ಪ್ರಾಣಿಗಳು. ರಷ್ಯಾದ ಒಬ್ಬ ಪಂಡಿತ ನಾಯಿಗೆ ಕೂಳು ಹಾಕುವ ಮೊದಲು ಗಂಟೆ ಬಾರಿಸಿ ಬಾರಿಸಿ, ಕಡೆಗೆ ಬರೀ ಗಂಟೆ ಕೇಳಿದರೂ ಅದರ ಬಾಯಲ್ಲಿ ನೀರೂರುವಂತೆ ಮಾಡಿದನಂತೆ. ಸರಿಯಪ್ಪ. ನಾನೂ ಹತ್ತು ವರ್ಷ ಗಂಟೆ ಬಾರಿಸಿದ್ದೇನೆ. ಅಮೇರಿಕದಿಂದ ಬಂದ ಹಾಲಿನ ಪುಡಿಯನ್ನು ಬಿಸಿನೀರಿಗೆ ಕಲಸಿ ಕೊಡುವ ಹೊತ್ತಿಗೆ ನಮ್ಮಲ್ಲಿ ಗಂಟೆ ಬಾರಿಸಿದರೆ ಮಕ್ಕಳ ಬಾಯಲ್ಲಿ ನೀರೂರುತ್ತಿರಲಿಲ್ಲ. ಹಿಂದಿನ ಗೋಡೆ ಹಾರಿ ಹೊಲದ ಹಾದಿ ಹಿಡಿಯುತ್ತಿದ್ದರು. ಅಮೇರಿಕದ ಇನ್ನೊಬ್ಬ ಹಸಿದ ಬೆಕ್ಕನ್ನು ಪೆಟ್ಟಿಗೆಯಲ್ಲಿ ಕೂಡಿಹಾಕಿ, ಅದು ಚಿಲಕ ತೆಗೆದು ಹೊರಗೆ ಬರಲು ಎಷ್ಟು ಹೊತ್ತು ಹಿಡಿಯುತ್ತದೆಂದು ಗಡಿಯಾರ ನೋಡುತ್ತ ಕೂತ. ಬೆಕ್ಕು ಚಿಲಕ ತೆಗೆಯುವುದನ್ನು ಹಾಲು ಕಾಯಿಸುವ ಯಾವ ಹೆಣ್ಣುಮಗಳನ್ನು ಕೇಳಿದರೂ ಹೇಳುತ್ತಿದ್ದಳು. ಜರ್ಮನಿಯವನೊಬ್ಬ ಎಲ್ಲಿಯದೋ ದ್ವೀಪದಲ್ಲಿ ಕೂತು ಚಿಂಪಾಂಜಿಯ ಕೈಗೆ ಎರಡು ಕೋಲು ಕೊಟ್ಟ. ಅದು ಒಂದರೊಳಗೊಂದು ಸಿಕ್ಕಿಸಿ ಬಾಳೆಹಣ್ಣು ಎಳೆದುಕೊಂಡಿತು. ಇವನು ಅದಕ್ಕೆ 'ಒಳನೋಟ' ಎಂದು ಹೆಸರಿಟ್ಟ. ಇಷ್ಟನ್ನೂ ನಾನು ಸಹಿಸಿಕೊಂಡೆ. ಇನ್ನೊಬ್ಬ ಮಹಾಶಯ ಅಂಬೆಗಾಲಿಡುವ ಕೂಸಿಗೆ ಬಿಳಿ ಇಲಿ ತೋರಿಸಿ, ಅದು ಮುಟ್ಟಲು ಹೋದಾಗಲೆಲ್ಲ ಹಿಂದಿನಿಂದ ಕಬ್ಬಿಣ ಬಡಿದು ಸದ್ದು ಮಾಡಿ, ಇಲಿಯನ್ನು ಕಂಡರೆ ಚೀರುವಂತೆ ಮಾಡಿದನಲ್ಲ, ಅದನ್ನು ಮಾತ್ರ ಸಹಿಸಲಾಗಲಿಲ್ಲ. 'ಈ ಪ್ರಯೋಗವನ್ನು ವಿಮರ್ಶಿಸಿರಿ' ಎಂಬ ಪ್ರಶ್ನೆಗೆ ನಾನು 'ಆ ಹೊತ್ತಿನಲ್ಲಿ ಕೂಸಿನ ತಾಯಿ ಎಲ್ಲಿ ಹೋಗಿದ್ದಳು?' ಎಂದು ಒಂದೇ ಸಾಲು ಬರೆದೆ. ಮೊದಲ ಸಲ ನಪಾಸಾದದ್ದು ಅದರಿಂದಲೇ ಇರಬೇಕು.

ಮನಃಶಾಸ್ತ್ರ ಹೇಳುತ್ತಿದ್ದವರು ಹಂಪಿಹೊಳಿ ಸರ್. ಕೊರಳವರೆಗೆ ಗುಂಡಿ ಹಾಕಿದ ಕೋಟು, ಮೂಗಿನ ತುದಿಯಲ್ಲಿ ಚಾಳೀಸು. ಒಳ್ಳೆಯ ಮನುಷ್ಯರು, ಆದರೆ ಪುಸ್ತಕದಲ್ಲಿ ಇಲ್ಲದ್ದು ಲೋಕದಲ್ಲಿ ಇದ್ದರೆ ಅದು ಲೋಕದ ತಪ್ಪು ಎನ್ನುವವರು. ಅವರು ನನಗೆ ಕೊಟ್ಟದ್ದು ನೆನಪು-ಮರೆವಿನ ಪ್ರಯೋಗ. ಇದರ ಮೂಲಪುರುಷನೂ ಜರ್ಮನಿಯವನೇ. ಪಾಪ, ಈತ ಯಾವ ಪ್ರಾಣಿಗೂ ತೊಂದರೆ ಕೊಡಲಿಲ್ಲ. ಅರ್ಥವಿಲ್ಲದ ಅಕ್ಷರಗಳ ಪಟ್ಟಿ ಮಾಡಿಕೊಂಡು, ತಾನೇ ಬಾಯಿಪಾಠ ಮಾಡಿ, ತಾನೇ ಮರೆತು, ಎಷ್ಟು ಹೊತ್ತಿಗೆ ಎಷ್ಟು ಮರೆಯಿತೆಂದು ಬರೆದಿಟ್ಟ. ಮೊದಲು ಸರಸರ ಇಳಿದು ಆಮೇಲೆ ನಿಧಾನಕ್ಕೆ ಸಾಗುವ ಗೆರೆಯೊಂದನ್ನು ಎಳೆದು ತೋರಿಸಿದ. ಪಟ್ಟಿಯ ಮೊದಲನೆಯದೂ ಕೊನೆಯದೂ ಚೆನ್ನಾಗಿ ನೆನಪಿರುತ್ತವೆ, ನಡುವಿನವು ಜಾರುತ್ತವೆ ಎಂದು ಪುಸ್ತಕದಲ್ಲಿತ್ತು. ನಾನು ಯಾರಾದರೊಬ್ಬರ ಮೇಲೆ ಇದನ್ನು ಮಾಡಿ, ಆ ಗೆರೆಯನ್ನು ನನ್ನ ವಹಿಯಲ್ಲಿ ಇಳಿಸಿ ತೋರಿಸಬೇಕು. ಬುದ್ಧಿವಂತರು ಕೋಣೆಯಲ್ಲೇ ಕೂತು ಬೇಕಾದ ಅಂಕಿ ಬರೆದು ಒಂದು ಮಧ್ಯಾಹ್ನದಲ್ಲಿ ಮುಗಿಸಿದರು. ಎರಡು ಸಲ ಸುಟ್ಟುಕೊಂಡ ನಾನು ನಿಜವಾಗಿ ಮಾಡಲು ಹೋದೆ. ಅದೇ ನನ್ನ ಮೊದಲ ಮೂರ್ಖತನ.

ನಾನು ಬಾಡಿಗೆಗಿದ್ದದ್ದು ನೀಲವ್ವನೆಂಬವಳ ಮನೆಯ ಪಡಸಾಲೆಯಲ್ಲಿ. ನನಗಿಂತ ಐದಾರು ವರ್ಷ ದೊಡ್ಡವಳು, ನಾನು ಅಕ್ಕಾರ ಎನ್ನುತ್ತಿದ್ದೆ. ಎರಡು ಹೊತ್ತು ಬಿಸಿ ರೊಟ್ಟಿ ಬಡಿದು ಹಾಕುತ್ತಿದ್ದಳು. ಅವಳ ಗಂಡ ಒಂಬತ್ತು ವರ್ಷದ ಹಿಂದೆ ಸೊಲ್ಲಾಪುರದ ಬಟ್ಟೆ ಗಿರಣಿಗೆಂದು ಹೋದವನು ತಿರುಗಿ ಬಂದಿರಲಿಲ್ಲ. ಮೊದಲೆರಡು ವರ್ಷ ಕಾಗದ ಬರುತ್ತಿದ್ದವಂತೆ, ಆಮೇಲೆ ನಿಂತವು. ಇಂಡಿ ರೋಡ್ ಸ್ಟೇಷನ್ನಿನಲ್ಲಿ ಕಂಡೆ ಎಂದು ಒಬ್ಬರು, ಆಲಮಟ್ಟಿಯ ಕಡೆ ಕಂಡೆ ಎಂದು ಇನ್ನೊಬ್ಬರು. ಓಣಿಯವರು ಅವನನ್ನು 'ಗಿರಣಿಯಾಂವ' ಎಂದೇ ಕರೆಯುತ್ತಿದ್ದರು, ನೀಲವ್ವ 'ನಮ್ಮ ಮನಿಯವ್ರು' ಎನ್ನುತ್ತಿದ್ದಳು. ಹಣೆಯ ಕುಂಕುಮ, ಕೈತುಂಬ ಹಸಿರು ಬಳೆ ಹಾಗೇ ಇದ್ದವು. ಎದುರು ಮನೆಯಲ್ಲಿದ್ದ ಅವಳ ನೆಗೆಣ್ಣಿ ಭಾಗವ್ವನಿಗೆ, ಅಂದರೆ ಗಂಡನ ಅಣ್ಣನ ಹೆಂಡತಿಗೆ, ಅದೇ ಕಣ್ಣುರಿ. "ಹ್ವಾದಾಂವ ಹ್ವಾದ. ಇನ್ನ ಯಾರಿಗೆ ತೋರ್ಸಾಕ ಈ ಬಳಿ?" ಎಂದು ನನ್ನೆದುರಿಗೇ ಎರಡು ಮೂರು ಸಲ ಅಂದದ್ದುಂಟು. ನೀಲವ್ವ ಬಳೆ ಹಿಂದೆ ಸರಿಸಿ ಹಿಟ್ಟು ನಾದುತ್ತಿದ್ದಳು.

ಓದುಬರಹ ತಿಳಿಯದ ಈ ನೀಲವ್ವನನ್ನೇ ನಾನು ಪ್ರಯೋಗಕ್ಕೆ ಹಿಡಿದೆ. ಮೊದಲು ಜರ್ಮನಿಯವನ ದಾರಿಯಲ್ಲೇ ಹೊರಟು, ಅರ್ಥವಿಲ್ಲದ ಒಂದಿಷ್ಟು ಅಕ್ಷರ ಜೋಡಿಸಿ, ನಾನು ಅಂದದ್ದನ್ನು ತಿರುಗಿ ಅನ್ನಬೇಕೆಂದು ತಿಳಿಸಿ ಹೇಳಿದೆ.

"ಹಂಗಂದ್ರೇನ್ರಿ ಮಾಸ್ತರ್ರ?"

"ಏನೂ ಇಲ್ಲ ಅಕ್ಕಾರ. ಅರ್ಥ ಇಲ್ಲ ಅದಕ್ಕ."

"ಅರ್ಥ ಇಲ್ದ ಮಾತು ನಾ ಯಾಕ ಆಡ್ಲಿ? ನನಗೇನ ಚಳಿಜ್ವರ ಬಂದೈತೇನು?"

ಅಲ್ಲಿಗೆ ಜರ್ಮನಿ ಸೋತಿತು. ಮರುದಿನ ಸರ್ ಹತ್ತಿರ ಹೋಗಿ ಗೋಗರೆದೆ. ಅಕ್ಷರದ ಬದಲು ಮನುಷ್ಯರ ಹೆಸರು ಇಟ್ಟುಕೊಳ್ಳಿ, ಹಳ್ಳಿಯವರಿಗೆ ಅದು ಸುಲಭ ಎಂದರು. ನಮ್ಮ ಶಾಲೆಯ ಹಾಜರಿ ಪುಸ್ತಕ ನೆನಪು ಮಾಡಿಕೊಂಡು ಹನ್ನೆರಡು ಹೆಸರು ಬರೆದೆ: ಸಿದ್ರಾಮ, ಮಲ್ಲಪ್ಪ, ಇಮಾಮಸಾಬ, ಹಣಮಂತ, ಗುರಪ್ಪ, ಹೀಗೆ ಸಾಗಿ ಹನ್ನೆರಡನೆಯವನು ಲಾಲಸಾಬ. ನಮ್ಮ ಕಡೆ ಕಲ್ಲೆಸೆದರೆ ತಾಗುವಂಥ ಹೆಸರುಗಳು. ನಿಧಾನವಾಗಿ ಮೂರು ಸಲ ಓದಿ, "ಈಗ ನೀವು ಹೇಳ್ರಿ" ಎಂದು ಗಡಿಯಾರ ಹಿಡಿದು ಕೂತೆ.

ನೀಲವ್ವ ಒಂದು ಕ್ಷಣ ಸುಮ್ಮನಿದ್ದು, ಜಾರಿದ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, "ಮಲ್ಲಪ್ಪ, ಇಮಾಮಸಾಬ, ಹಣಮಂತ..." ಎಂದು ಶುರುಮಾಡಿದವಳು ಲಾಲಸಾಬನನ್ನು ಮುಟ್ಟಿಯೇ ನಿಂತಳು. ಹನ್ನೊಂದೂ ಸರಿ, ಸಾಲು ಸಹಿತ. ನಾನು 'ಆರಂಭದಲ್ಲಿ ವಿಳಂಬ ಮೂರು ಸೆಕೆಂಡು, ಮೊದಲನೆಯ ಹೆಸರು ಮರೆವು' ಎಂದು ಬರೆದುಕೊಂಡೆ. ಮರುದಿನ ಕೇಳಿದೆ: ಅದೇ ಮೌನ, ಅದೇ ಸೆರಗು, ಅದೇ ಹನ್ನೊಂದು. ಎಂಟು ದಿನ ಬಿಟ್ಟು ಕೇಳಿದೆ: ಹನ್ನೊಂದು. ಮೂರು ವಾರ ಬಿಟ್ಟು ಕೇಳಿದೆ: ಜೋಳ ಹಸನು ಮಾಡುತ್ತ, ಮೊರದ ಮೇಲಿನ ಕಣ್ಣು ತೆಗೆಯದೆ, ಸೆರಗು ಮಾತ್ರ ಸರಿಮಾಡಿಕೊಂಡು, ಹನ್ನೊಂದು!

ನನ್ನ ಗೋಳು ಯಾರಿಗೆ ಹೇಳಲಿ? ಬೀಸುವ ಕಲ್ಲಿನ ಮುಂದೆ ಕೂತು ಬೆಳಗಿನ ಜಾವಕ್ಕೆ ನೂರಾರು ಹಾಡು ಹೇಳುವ ಹೆಣ್ಣುಮಗಳಿಗೆ ಹನ್ನೆರಡು ಹೆಸರು ಯಾವ ಲೆಕ್ಕ ಎಂಬುದು ನನಗೆ ಮೊದಲೇ ಹೊಳೆಯಬೇಕಿತ್ತು. ಇಳಿಯಬೇಕಾದ ಗೆರೆ ನಮ್ಮ ಎರೆಭೂಮಿಯಂತೆ ಒಂದೇ ಸಪಾಟಾಗಿ ಮಲಗಿತ್ತು. ಮರೆಯಬೇಕಾದ ನಡುವಿನ ಹೆಸರುಗಳನ್ನು ಈಕೆ ಮರೆಯುವುದಿಲ್ಲ, ಯಾರೂ ಮರೆಯದ ಮೊದಲನೆಯದನ್ನು ಪ್ರತಿಸಲ ಮರೆಯುತ್ತಾಳೆ. ಪುಸ್ತಕಕ್ಕೆ ಎರಡೂ ಕಡೆಯಿಂದ ಉಲ್ಟಾ. ಈ ವಹಿ ನೋಡಿದರೆ ಸರ್ ನನ್ನನ್ನು ಮೂರನೆಯ ಸಲವೂ ಮನೆಗೆ ಕಳಿಸುವುದು ಖಂಡಿತ ಎಂದುಕೊಂಡೆ. ಉಳಿದವರ ಹಾಗೆ ಸುಳ್ಳು ಅಂಕಿ ಬರೆಯೋಣವೆಂದು ಪೆನ್ಸಿಲು ಚೂಪು ಮಾಡಿಕೊಂಡೂ ಕೂತೆ. ಅಷ್ಟು ಹೊತ್ತಿಗೆ ಅವಳು ರೊಟ್ಟಿ ತಂದಿಟ್ಟಳು, ನನಗೆ ನಾಚಿಕೆಯಾಯಿತು.

ಆದರೆ ಸರ್ ಆ ಪುಟ ಓದಿ ಕುರ್ಚಿಯಿಂದ ಎದ್ದೇ ನಿಂತರು. "ಮೊದಲನೇದ ಮರೀತಾಳ? ನಾಕೂ ಸಲ? ಮಾಸ್ತರ, ಇದು ಸಾದಾ ಮರವು ಅಲ್ರಿ!" ಎಂದು, ವಿಯೆನ್ನಾದ ಡಾಕ್ಟರನ ಅಧ್ಯಾಯ ತೆಗೆದರು. ಆ ಡಾಕ್ಟರನ ಸಿದ್ಧಾಂತ ನಿಮಗೂ ಗೊತ್ತಿರಬಹುದು: ಮನುಷ್ಯ ತನಗೆ ನೋವು ಕೊಟ್ಟದ್ದನ್ನು ಮನಸ್ಸಿನ ತಳಕ್ಕೆ ತುಳಿದಿಡುತ್ತಾನೆ, ಅದು ತಾನಾಗಿ ಮರೆಯುವುದಲ್ಲ, ಬೇಡವೆಂದು ಮನಸ್ಸೇ ಮರೆಸುವುದು, ಅದಕ್ಕೆ ದಮನ ಎಂದು ಹೆಸರು. ಸಿದ್ರಾಮನೆಂಬ ಯಾವನಿಂದಲೋ ಈ ಹೆಣ್ಣುಮಗಳಿಗೆ ಭಾರೀ ಆಘಾತವಾಗಿದೆ, ಅದಕ್ಕೇ ಆ ಹೆಸರು ನಾಲಗೆಗೆ ಬರುತ್ತಿಲ್ಲ, ಅವನು ಯಾರೆಂದು ಕೇಳಿಕೊಂಡು ಬನ್ನಿ, ಬಂದರೆ ಪಾಸು ಎಂದರು. ನಾನು ಹಿಗ್ಗಿಹೋದೆ. ಮೂರು ವರ್ಷದಲ್ಲಿ ಆ ಶಾಸ್ತ್ರ ನನ್ನ ಮೇಲೆ ಕಣ್ಣು ತೆರೆದದ್ದು ಅದೇ ಮೊದಲು.

ಕೇಳುವುದಕ್ಕೆ ಹೊತ್ತು ಗೊತ್ತು ನೋಡಬೇಕಲ್ಲ, ಅದನ್ನು ನಾನು ನೋಡಲಿಲ್ಲ. ಅಂಗಳದಲ್ಲಿ ನೀಲವ್ವನೂ ಭಾಗವ್ವನೂ ಶಾವಿಗೆ ಹೊಸೆಯುತ್ತ ಕೂತಿದ್ದರು. ಚಪ್ಪಲಿ ಕೂಡ ಬಿಡದೆ ನಿಂತು ಕೇಳಿಬಿಟ್ಟೆ:

"ಅಕ್ಕಾರ, ಈ ಸಿದ್ರಾಮ ಅಂಬಾಂವ ಯಾರ್ರಿ? ಆ ಹೆಸರೊಂದು ನಾಕು ಸಲನೂ ಮರತೀರಿ ನೀವು. ಏನರೆ ತ್ರಾಸ ಕೊಟ್ಟಿದ್ನೇನು ಅಂವ?"

ನೀಲವ್ವನ ಕೈ ಶಾವಿಗೆಯ ಮೇಲೆ ನಿಂತಿತು. ನನ್ನನ್ನು ಒಂದು ಸಲ ನೋಡಿ ಎದ್ದು ಒಳಗೆ ಹೋದಳು. ಭಾಗವ್ವ ಮಾತ್ರ ಗದ್ದಕ್ಕೆ ಕೈ ಹಚ್ಚಿದಳು.

"ಅಯ್ಯ ಮಾಸ್ತರ, ಅದು ನಮ್ಮ ಮೈದುನನ ಹೆಸರಲ್ರಿ! ಆಕಿ ಗಂಡಂದು! ಮರತಾಳಂತ?" ಎಂದವಳು ದನಿ ಎತ್ತರಿಸಿದಳು. "ಇಷ್ಟ ವರ್ಷ ನಾ ಹೇಳಿದ್ದು ಸುಳ್ಳಾತು. ಈಗ ಸರ್ಕಾರಿ ಪರೀಕ್ಷಾದಾಗ ಗೊತ್ತಾತ ನೋಡ್ರಿ. ಹೆಸರ ಮರತಾಕಿಗೆ ಕುಂಕುಮ ಯಾಕ, ಬಳಿ ಯಾಕ?"

ಸಂಜೆಯೊಳಗೆ ಓಣಿ ತುಂಬ ಸುದ್ದಿಯಾಯಿತು. ಮಾಸ್ತರ ಗಡಿಯಾರ ಹಿಡಿದು ನಾಲ್ಕು ಸಲ ನೋಡಿದ್ದಾನಂತೆ, ನಾಲ್ಕೂ ಸಲ ಗಂಡನ ಹೆಸರೇ ನೆನಪಾಗಲಿಲ್ಲವಂತೆ, ವಹಿಯಲ್ಲಿ ಬರೆದಿದೆಯಂತೆ. ಇಷ್ಟು ವರ್ಷ ಭಾಗವ್ವನ ಮಾತನ್ನು ಕಿವಿಯ ಮೇಲೆ ಹಾಕಿಕೊಳ್ಳದಿದ್ದವರು ಈಗ ತಲೆ ಆಡಿಸಿದರು. ಅವಳ ಮಾತಿಗೆ ಶಾಸ್ತ್ರದ ಸಾಕ್ಷಿ ಹೇಳಿದವನು ನಾನು.

ನೀಲವ್ವ ಮೂರು ದಿನ ಮಾತಾಡಲಿಲ್ಲ. ಹೊತ್ತಿಗೆ ಸರಿಯಾಗಿ ರೊಟ್ಟಿಯ ತಾಟು ಹೊಸ್ತಿಲಲ್ಲಿ ಬರುತ್ತಿತ್ತು, ಅಷ್ಟೇ. ಆ ಮೂರು ದಿನ ನಾನು ನನ್ನನ್ನು ಬೈದುಕೊಂಡಷ್ಟು ನನ್ನ ಹೆಂಡತಿ ಕೂಡ ಬೈದಿಲ್ಲ. ಏಕೆಂದರೆ, ಓದುಗರೇ, ನೀವು ಇಷ್ಟು ಹೊತ್ತು ನನ್ನ ದಡ್ಡತನಕ್ಕೆ ಹಣೆ ಬಡಿದುಕೊಳ್ಳುತ್ತಿರಬೇಕು, ನಮ್ಮ ಕಡೆಯ ಯಾವ ಹೆಂಗಸು ಗಂಡನ ಹೆಸರು ಹೇಳುತ್ತಾಳೆ? ಮದುವೆ ಮುಂಜಿಯಲ್ಲಿ ಸುತ್ತ ಕೂತವರು ಬಾಗಿಲು ಕಟ್ಟಿ ಕಾಡಿದರೆ ಪ್ರಾಸ ಕೂಡಿಸಿ ಒಡಪಿನ ಎರಡು ಸಾಲು ಕಟ್ಟಿ ಅದರೊಳಗೆ ಒಂದು ಸಲ ಹೇಳಿಯಾಳು, ಅದೂ ನಾಚಿ ನೀರಾಗಿ. ಮದುವೆಯಾಗಿ ಹದಿನಾಲ್ಕು ವರ್ಷವಾದರೂ ನನ್ನ ಹೆಂಡತಿ ನನ್ನನ್ನು ಕರೆದದ್ದು "ಇಲ್ನೋಡ್ರಿ" ಎಂದೇ. ಇದನ್ನೆಲ್ಲ ಹುಟ್ಟಿನಿಂದ ಬಲ್ಲ ನಾನು ಕೈಯಲ್ಲಿ ಗಡಿಯಾರ ಹಿಡಿದ ಕೂಡಲೇ ಎಲ್ಲ ಮರೆತೆ. ಮರೆವಿನ ಪ್ರಯೋಗದಲ್ಲಿ ನಿಜವಾಗಿ ಮರೆತವನು ಒಬ್ಬನೇ.

ನಾಲ್ಕನೆಯ ದಿನ ಅವಳೇ ಪಡಸಾಲೆಗೆ ಬಂದು ಕಂಬಕ್ಕೆ ಆನಿ ನಿಂತಳು.

"ವಹಿಯೊಳಗ ಏನಂತ ಬರದೀರಿ ಮಾಸ್ತರ್ರ?"

ಸುಳ್ಳು ಹೇಳುವ ಧೈರ್ಯವಾಗಲಿಲ್ಲ. 'ಮೊದಲನೆಯ ಹೆಸರು ಮರೆವು' ಎಂಬುದನ್ನು ಓದಿ ಹೇಳಿದೆ.

"ಅದನ್ನ ಹೊಡದ ಹಾಕ್ರಿ."

"ಹಾಕ್ತೇನ್ರಿ ಅಕ್ಕಾರ. ತಪ್ಪಾತು. ಆದ್ರ ನಾ ಹೊಡದ ಹಾಕಿದ್ರ ಓಣ್ಯಾಗಿನ ಮಂದಿ ಬಾಯಿ ಮುಚ್ಚೂದಿಲ್ಲ. ಒಂದ ಸಲ ಭಾಗವ್ವನ ಮುಂದ ನೀವು ಆ ಹೆಸರು ಅಂದಬಿಡ್ರಿ. ಒಡಪು ಹಾಕಿ ಅಂದ್ರೂ ನಡೀತೈತಿ."

ಅವಳು ತಲೆಯಾಡಿಸಿದಳು. "ಒಡಪು ಹಾಕೂದು ನಗೂ ಹೊತ್ತಿನ್ಯಾಗ್ರಿ. ಬರೇ ಬಾಯಿಲೆ ಅಂದ್ರ ಅವರ ಆಯುಷ್ಯ ಕಡಿಮಿ ಆಗ್ತೈತಿ. ಎಲ್ಲಿ ಅದಾರೋ, ಹೆಂಗ ಅದಾರೋ, ಉಂಡಾರೋ ಇಲ್ಲೋ, ನನಗೇನೂ ಗೊತ್ತಿಲ್ಲ. ಅವರಿಗೆ ರೊಟ್ಟಿ ಬಡದ ಹಾಕೂದು ನನ್ನ ಕೈಯಾಗಿಲ್ಲ, ಅರಬಿ ಒಗದ ಹಾಕೂದು ನನ್ನ ಕೈಯಾಗಿಲ್ಲ. ಹೆಸರ ಹೇಳ್ದ ಇರೂದು ಒಂದ ಉಳದೈತಿ. ಅದನ್ನೂ ಬಿಡಂತೀರೇನು?"

ನಾನು ವಹಿ ಮುಚ್ಚಿದೆ. ಅವಳು ಬಾಗಿಲಿಗೆ ಹೋಗಿ, "ಯಕ್ಕಾ, ಬಾ ಇಲ್ಲಿ" ಎಂದು ಭಾಗವ್ವನನ್ನು ಕೂಗಿದಳು. ಭಾಗವ್ವ ಬಂದಳು. ಅವಳಿಗೆ ಮಣೆ ಹಾಕಿ ಕೂಡಿಸಿ, ನನ್ನ ಕಡೆ ತಿರುಗಿದಳು.

"ನೀವ ಓದ್ರಿ ಮಾಸ್ತರ್ರ, ಮೊದಲಿಂದ. ನಾ ಹೂಂ ಅಂತೇನಿ."

ವಹಿ ತೆಗೆದು "ಸಿದ್ರಾಮ" ಎಂದೆ. ನೀಲವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ನಾಲ್ಕು ಸಲ ನಾನು ಗಡಿಯಾರದಲ್ಲಿ ಅಳೆದಿದ್ದ ಅದೇ ಮೂರು ಸೆಕೆಂಡು ಸುಮ್ಮನಿದ್ದಳು.

"ಹೂಂ" ಎಂದಳು.

ಅದು ಎಂಥ ಹೂಂ ಎಂದು ನನಗೆ ಬರೆಯಲು ಬರುವುದಿಲ್ಲ. ಭಾಗವ್ವ ನೆಲ ನೋಡುತ್ತ ಕೂತಿದ್ದಳು. ಮುಂದಿನ ಹನ್ನೊಂದನ್ನು ನಾನು ಓದಬೇಕಾಗಲಿಲ್ಲ, ನೀಲವ್ವನೇ ಲಾಲಸಾಬನವರೆಗೆ ಸರಸರ ಹೇಳಿ ಮುಗಿಸಿ ಒಲೆಯ ಮೇಲೆ ಎಸರು ಇಟ್ಟು ಬಂದಿದ್ದೇನೆಂದು ಒಳಗೆ ಹೋದಳು. ಭಾಗವ್ವ ಎದ್ದು ಹೋಗುವಾಗ ಮೂಗು ಒರೆಸಿಕೊಂಡದ್ದನ್ನು ನಾನು ನೋಡದವನಂತೆ ಇದ್ದೆ. ಆಮೇಲೆ ನಾನು ಅಲ್ಲಿದ್ದಷ್ಟು ದಿನ ಅವಳು ಬಳೆಯ ಮಾತೆತ್ತಲಿಲ್ಲ. ಓಣಿಯ ಬಾಯಿಯನ್ನೂ ಅವಳೇ ಮುಚ್ಚಿಸಿದಳೆಂದು ಕೇಳಿದೆ.

ವಹಿಯಲ್ಲಿ 'ಮರೆವು' ಎಂಬುದನ್ನೆಲ್ಲ ಹೊಡೆದುಹಾಕಿ, ನಾಲ್ಕೂ ಸಲಕ್ಕೆ 'ಹನ್ನೆರಡಕ್ಕೆ ಹನ್ನೆರಡು' ಎಂದು ಬರೆದು ಸರ್ ಮುಂದೆ ಇಟ್ಟೆ. ಅವರಿಗೆ ನಡೆದದ್ದನ್ನು ಹೇಳಿದೆ. ಕೇಳಿ ಅವರ ಮುಖ ಬಾಡಿತು. ವಿಯೆನ್ನಾ ಕೈಬಿಟ್ಟು ಹೋಯಿತಲ್ಲ.

"ಹೂಂ ಅಂದ್ರ ಅದು ನೆನಪು ಹೆಂಗಾಗ್ತದ್ರಿ? ಬಾಯಿಲೆ ಹೆಸರು ಬರಬೇಕು. ಪುಸ್ತಕದಾಗ ಹಂಗ ಐತಿ. ಬರದಿದ್ರ ಸೊನ್ನಿ."

ಮೂರನೆಯ ಸಲ ನಪಾಸು ಎದುರಿಗೇ ನಿಂತಿತ್ತು. ಸುಮ್ಮನಿರಬೇಕಿತ್ತು, ಸಿಟ್ಟು ಸುಮ್ಮನಿರಗೊಡಲಿಲ್ಲ. "ಸರ, ಒಂದ ಮಾತು ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ನಿಮ್ಮ ಮನಿಯಾಗ ವೈನಿಯವ್ರು ನಿಮ್ಮ ಹೆಸರು ಹಿಡದು ಕರದದ್ದು ಐತೇನ್ರಿ?" ಎಂದುಬಿಟ್ಟೆ.

ಹಂಪಿಹೊಳಿ ಸರ್ ಚಾಳೀಸು ತೆಗೆದರು. ಕೋಟಿನ ತುದಿಯಿಂದ ಒಂದು ಗಾಜು ಒರೆಸಿದರು, ಇನ್ನೊಂದು ಒರೆಸಿದರು. "ಮೂವತ್ತೊಂದು ವರ್ಷಾತು" ಎಂದರು. ಇನ್ನಷ್ಟು ಹೊತ್ತು ಒರೆಸಿ, "ಹಂಗಾರ ಈ ಪುಸ್ತಕದ ಲೆಕ್ಕದಾಗ ಆಕಿ ನನ್ನ ಮರತು ಮೂವತ್ತೊಂದು ವರ್ಷಾತಂದಂಗಾತು" ಎಂದು, ಕೆಂಪು ಪೆನ್ನು ತೆಗೆದು ಪುಟದ ಕೆಳಗೆ ಸಹಿ ಹಾಕಿದರು.

ಹೀಗೆ ನಾನು ಮನಃಶಾಸ್ತ್ರದಲ್ಲಿ ಪಾಸಾದೆ. ಪಾಸಾದ ಮೇಲೂ ಆ ಶಾಸ್ತ್ರದ ಮೇಲಿನ ನನ್ನ ಸಿಟ್ಟು ಇಳಿದಿಲ್ಲ. ನಾಯಿಯ ಬಾಯಲ್ಲಿ ಎಷ್ಟು ಹನಿ ನೀರೂರಿತೆಂದು ಎಣಿಸಿದವರು, ಹೆಸರು ಹೇಳದೆ ಒಂಬತ್ತು ವರ್ಷ ಒಬ್ಬನನ್ನು ಬದುಕಿಸಿಟ್ಟುಕೊಂಡದ್ದಕ್ಕೆ ಯಾವ ಅಧ್ಯಾಯ ಎಂದು ಇನ್ನೂ ಬರೆದಿಲ್ಲ. ಸಿದ್ರಾಮ ಬಂದನೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಹಾಸಿಗೆ ಸುತ್ತಿಕೊಂಡು ಹೊರಡುವ ದಿನ ನೀಲವ್ವನ ಕೈಯಲ್ಲಿ ಹೊಸ ಹಸಿರು ಬಳೆ ಇದ್ದವು.

ಬಸ್ಸಿಳಿದು ಕನ್ನೊಳ್ಳಿಯ ಮನೆ ಮುಟ್ಟುವ ಹೊತ್ತಿಗೆ ಮಧ್ಯಾಹ್ನ ಇಳಿದಿತ್ತು. ಹೆಂಡತಿ ಹಿತ್ತಲಿನಿಂದ ಬಂದು ಬಾಗಿಲಲ್ಲಿ ನಿಂತಳು. ಪಾಸೋ ನಪಾಸೋ ಎಂದು ಕೇಳುವಳೆಂದು ನಾನು ಉತ್ತರ ಜೋಡಿ ಮಾಡಿಕೊಂಡಿದ್ದೆ. ಅವಳು ಕೇಳಲಿಲ್ಲ. ಒಂದು ಗಳಿಗೆ ಸುಮ್ಮನಿದ್ದು, ಸೆರಗು ಸರಿಮಾಡಿಕೊಂಡು, "ಬಂದ್ರೇನು?" ಎಂದಳು.

ಹದಿನಾಲ್ಕು ವರ್ಷದಲ್ಲಿ ಮೊದಲ ಸಲ, ಹೆಸರಿರಬೇಕಾದ ಆ ಗಳಿಗೆ ನನ್ನ ಕಿವಿಗೆ ಬಿತ್ತು. ಹಾಸಿಗೆ ಕೆಳಗಿಟ್ಟು "ಹೂಂ" ಎಂದೆ.